ಹಡ್ಸನ್ ಟೇಲರ್ ಅಯ್ಯನವರ ಜಡೆ

ಒಬ್ಬನು ತಲೆ ಬೋಳಿಸಿಕೊಂಡು ಊರೊಳಗೆ ಬಂದನೆಂದರೆ, ಅವನ ಬಾಯಿಂದ ಒಂದು ಮಾತು ಹೊರಡುವದಕ್ಕೆ ಮುಂಚೆಯೇ ನಮ್ಮ ಸೀಮೆಯ ಜನರು ಅವನ ಸಂಗತಿಯನ್ನೆಲ್ಲಾ ತೀರ್ಮಾನಿಸಿಬಿಡುತ್ತಾರೆ. ಮನೆಯಲ್ಲಿ ಸಾವಾಗಿರಬೇಕೆಂದು ಒಬ್ಬನು ಎಣಿಸುವನು. ತಿರುಪತಿಯ ಹರಕೆ ಒಪ್ಪಿಸಿ ಬಂದಿರಬೇಕೆಂದು ಮತ್ತೊಬ್ಬನು ಎಣಿಸುವನು. ಹಿಂದಿನ ಕಾಲದಲ್ಲಿ ಹೆಂಗಸಿನ ತಲೆ ಬೋಳಾಗಿದ್ದರೆ ಆಕೆ ವಿಧವೆಯೆಂದು ತಿಳಿದು ಶುಭಕಾರ್ಯಕ್ಕೆ ಹೊರಟವರು ದಾರಿಯನ್ನೇ ಬಿಟ್ಟು ತಿರುಗುತ್ತಿದ್ದರು. ತಲೆಯಲ್ಲಿ ಹುಣ್ಣೆದ್ದದ್ದರಿಂದ ಕೂದಲನ್ನು ತೆಗಿಸಿದ್ದೋ, ಸೆಕೆ ತಾಳಲಾರದೆ ತೆಗಿಸಿದ್ದೋ ಎಂದು ವಿಚಾರಿಸಿ ತಿಳಿದುಕೊಳ್ಳುವವರು ಬಹು ಕೊಂಚ.

ಜುಟ್ಟಿನ ವಾದವನ್ನು ನಮ್ಮ ಸಭೆಗಳ ಹಿರಿಯರಲ್ಲಿ ಕೆಲವರು ಕೇಳಿರಬಹುದು. ಹತ್ತೊಂಭತ್ತನೇ ಶತಮಾನದಲ್ಲಿ ದಕ್ಷಿಣ ಇಂಡಿಯಾದ ಕೆಲವು ಮಿಶನರಿಗಳು ಜುಟ್ಟನ್ನು ವಿಗ್ರಹಾರಾಧನೆಯ ಗುರುತೆಂದು ಎಣಿಸಿ, ಕ್ರಿಸ್ತನನ್ನು ನಂಬಿದವನು ಅದನ್ನು ಕತ್ತರಿಸಲೇಬೇಕೆಂದು ಹಟ ಹಿಡಿದಿದ್ದರು. ತಿರುನೆಲ್ವೇಲಿ ಸೀಮೆಯಲ್ಲಿ ಸೇವೆಮಾಡಿದ ಕಾಲ್ಡ್‌ವೆಲ್ ಪಂಡಿತರು ೧೮೬೭ನೇ ಇಸವಿಯಲ್ಲಿ ಈ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಬರೆದು, ಜುಟ್ಟು ಮತದ ಗುರುತಲ್ಲವೆಂದೂ ಅದು ಈ ದೇಶದವರ ನಡೆನುಡಿಗೆ ಸೇರಿದ್ದೆಂದೂ ವಾದಿಸಿದರು. ಸರಿಯಾಗಿ ಅದೇ ವರುಷಗಳಲ್ಲಿ ಚೀನಾ ದೇಶದಲ್ಲಿ ಒಬ್ಬ ಇಂಗ್ಲಿಷ್ ಮಿಶನರಿಯು ತನ್ನ ತಲೆಯ ಮುಂಭಾಗವನ್ನು ಬೋಳಿಸಿಕೊಂಡು, ಹಿಂಭಾಗದಲ್ಲಿ ಕರೀ ಜಡೆಯನ್ನು ಇಳಿಬಿಟ್ಟುಕೊಂಡು ಬೀದಿಯಲ್ಲಿ ನಡೆಯುತ್ತಿದ್ದನು. ಇಲ್ಲಿ ದೇಶಸ್ಥರ ಜುಟ್ಟನ್ನು ಕತ್ತರಿಸಬೇಕೆನ್ನುವ ಬಿಳಿಯರು. ಅಲ್ಲಿ ದೇಶಸ್ಥರ ಜಡೆಯನ್ನು ತನ್ನ ತಲೆಗೆ ಕಟ್ಟಿಕೊಂಡ ಬಿಳಿಯನು! ಆ ತಲೆಯನ್ನು ನೋಡಿದವರು ಏನೇನು ಊಹಿಸಿದರು, ಅವರ ಊಹೆಗಳನ್ನು ಆತನು ಹೇಗೆ ತಾಳಿಕೊಂಡನು ಎಂಬದನ್ನೇ ಈ ಚರಿತ್ರೆಯಲ್ಲಿ ಹೇಳಬೇಕೆಂದಿದ್ದೇವೆ.

ಜೇಮ್ಸ್ ಹಡ್ಸನ್ ಟೇಲರ್ ಅಯ್ಯನವರು ೧೮೩೨ನೇ ಇಸವಿ ಮೇ ತಿಂಗಳ ೨೧ನೇ ತಾರೀಕಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಗೆ ಸೇರಿದ ಬಾರ್ನ್ಸ್ಲಿ ಎಂಬ ಊರಲ್ಲಿ ಹುಟ್ಟಿದರು. ತಂದೆಯು ಔಷಧದ ಅಂಗಡಿಯವನು, ಮೆಥೊಡಿಸ್ಟ್ ಸಭೆಯಲ್ಲಿ ಪ್ರಸಂಗ ಮಾಡುತ್ತಿದ್ದವನು. ಹುಡುಗನು ಬಾಲ್ಯದಲ್ಲಿ ಬಹಳ ಅಶಕ್ತನಾಗಿದ್ದನು. ಹದಿನೇಳನೇ ವಯಸ್ಸಿನಲ್ಲಿ, ಅಂದರೆ ೧೮೪೯ರಲ್ಲಿ, ಅವನ ಮನಸ್ಸು ತಿರುಗಿತು. ಅದೇ ವರುಷದಲ್ಲಿ ಚೀನಾ ದೇಶಕ್ಕೆ ಹೋಗಬೇಕೆಂಬ ಆಶೆಯು ಅವನಲ್ಲಿ ಬೇರೂರಿತು. ಹಲ್ ಎಂಬ ಪಟ್ಟಣದಲ್ಲಿಯೂ ಆ ಮೇಲೆ ಲಂಡನಿನಲ್ಲಿಯೂ ವೈದ್ಯವನ್ನು ಅಭ್ಯಾಸ ಮಾಡಿ, ೧೮೫೩ನೇ ಸೆಪ್ಟೆಂಬರ್ ೧೯ರಲ್ಲಿ ಲಿವರ್‌ಪೂಲ್ ರೇವಿನಿಂದ ಡಮ್‌ಫ್ರೀಸ್ ಎಂಬ ಹಾಯಿಹಡಗನ್ನು ಹತ್ತಿದರು. ಐದು ತಿಂಗಳಿಗಿಂತ ಹೆಚ್ಚಾದ ಪ್ರಯಾಣದ ತರುವಾಯ ೧೮೫೪ನೇ ಮಾರ್ಚಿ ೧ರಲ್ಲಿ ಶಾಂಘಾಯಿ ಪಟ್ಟಣದಲ್ಲಿ ಇಳಿದಾಗ ಅವರಿಗೆ ಇಪ್ಪತ್ತೊಂದು ವರುಷ ಪ್ರಾಯ. ಸ್ನೇಹಿತರಾಗಲಿ ಮನೆಯಾಗಲಿ ಅಲ್ಲಿ ಇದ್ದಿಲ್ಲ. ಕೋಟೆಯೊಳಗಿನ ಪಟ್ಟಣವು ದಂಗೆಗಾರರ ಕೈಯಲ್ಲಿತ್ತು. ಹೊರಗೆ ಚಕ್ರವರ್ತಿಯ ದಂಡು ಮುತ್ತಿಗೆ ಹಾಕಿತ್ತು.

ಮುಂದಿನ ಸಂಗತಿಯು ತಿಳಿಯಬೇಕಾದರೆ ಚೀನರ ತಲೆಯ ವಿಷಯವಾಗಿ ಸ್ವಲ್ಪ ಹೇಳಬೇಕು. ಪೂರ್ವದಲ್ಲಿ ಚೀನೀ ಗಂಡಸರು ಉದ್ದವಾದ ಕೂದಲನ್ನು ಬಿಟ್ಟು ನೆತ್ತಿಯ ಮೇಲೆ ಗಂಟು ಕಟ್ಟುತ್ತಿದ್ದರು. ತಂದೆತಾಯಿಗಳಿಂದ ಬಂದ ದೇಹಕ್ಕೆ ಊನಮಾಡಬಾರದೆಂಬದು ಅವರ ಹಿರಿಯರ ಉಪದೇಶ. ಕೂದಲೂ ಆ ದೇಹಕ್ಕೆ ಸೇರಿದ್ದಷ್ಟೆ. ೧೬೪೪ರಲ್ಲಿ ಉತ್ತರ ದಿಕ್ಕಿನಿಂದ ಮಂಚು ಎಂಬ ಜನಾಂಗದವರು ಬಂದು ಪೆಕಿಂಗ್ ರಾಜಧಾನಿಯನ್ನು ವಶಮಾಡಿಕೊಂಡರು. ಮರುವರುಷ ಅವರು ಒಂದು ಕಠಿಣವಾದ ಆಜ್ಞೆಯನ್ನು ಹೊರಡಿಸಿದರು. ಹೇಗಂದರೆ, ಪ್ರತಿ ಗಂಡಸು ತಲೆಯ ಮುಂಭಾಗವನ್ನು ಬೋಳಿಸಿ ಹಿಂದೆ ಮಂಚುಗಳಂತೆ ಜಡೆ ಹೆಣೆಯಬೇಕು. ಕೂದಲನ್ನು ಉಳಿಸಿಕೊಂಡವನು ತಲೆಯನ್ನು ಕಳೆದುಕೊಳ್ಳಬೇಕು. ಶಾಂಘಾಯಿಗೆ ಸಮೀಪವಾದ ಜಿಯಾದಿಂಗ್ ಪಟ್ಟಣದವರು ಈ ಆಜ್ಞೆಗೆ ಎದುರುಬಿದ್ದದ್ದರಿಂದ ಅದೇ ೧೬೪೫ರಲ್ಲಿ ಅಲ್ಲಿ ಭಯಂಕರವಾದ ಸಂಹಾರವು ನಡೆಯಿತು. ಹೀಗೆ ರಕ್ತದಿಂದ ಬಂದ ಜಡೆಯು ಎರಡು ನೂರು ವರುಷಗಳಲ್ಲಿ ಆ ಜನರ ಸ್ವಂತ ಅಲಂಕಾರವೇ ಆಗಿಹೋಯಿತು. ಟೇಲರ್ ಅಯ್ಯನವರ ಕಾಲದ ಚೀನಾ ರೈತನಿಗೆ ಜಡೆಯಿಲ್ಲದ ಗಂಡಸು ಮನುಷ್ಯನಂತೆಯೇ ತೋರುತ್ತಿರಲಿಲ್ಲ.

ಆದಕಾರಣ ಆ ದೇಶದಲ್ಲಿ ತಲೆಯನ್ನು ಪತ್ರಿಕೆಯಂತೆ ಓದುತ್ತಿದ್ದರು. ತಲೆಯನ್ನೆಲ್ಲಾ ಬೋಳಿಸಿದವನು ಬೌದ್ಧ ಸನ್ಯಾಸಿ. ಮುಂದೆ ಬೋಳು, ಹಿಂದೆ ಜಡೆ ಇದ್ದರೆ ಅರಸನಿಗೆ ವಿಧೇಯನಾದ ಪ್ರಜೆ. ತಂದೆಯಾಗಲಿ ತಾಯಿಯಾಗಲಿ ಚಕ್ರವರ್ತಿಯಾಗಲಿ ತೀರಿಹೋದರೆ ನೂರು ದಿವಸ ಕ್ಷೌರ ಮಾಡಿಸಬಾರದು. ನಮ್ಮಲ್ಲಿ ಸಾವಿನ ದುಃಖಕ್ಕೆ ತಲೆ ಬೋಳಿಸುವರು, ಅವರಲ್ಲಿ ಅದೇ ದುಃಖಕ್ಕೆ ಬೋಳಿಸದೆ ಬಿಡುವರು. ಇನ್ನು ಮುಂದಲೆಯಲ್ಲಿ ಕೂದಲನ್ನು ಬೆಳೆಯಿಸಿದವನು ರಾಜದ್ರೋಹಿ. ೧೮೫೧ರಿಂದ ೧೮೬೪ರ ವರೆಗೆ ನಡೆದ ಥೈಪಿಂಗ್ ದಂಗೆಯಲ್ಲಿ ದಂಗೆಗಾರರು ಮಂಚುಗಳ ಜಡೆಯನ್ನು ಬಿಟ್ಟು ತಲೆತುಂಬ ಕೂದಲನ್ನು ಬೆಳೆಯಿಸಿದ್ದರಿಂದ ಜನರು ಅವರನ್ನು ಉದ್ದಕೂದಲಿನವರೆಂದೇ ಕರೆದರು. ಮಂಗಳೂರಿಗೆ ೧೮೩೪ರಲ್ಲಿ ಬಂದ ನಮ್ಮ ಬಾಸೆಲ್ ಮಿಶನಿನವರೇ ೧೮೪೭ರಲ್ಲಿ ಚೀನಾ ದೇಶಕ್ಕೂ ಹೋದರಲ್ಲವೇ. ಅವರಲ್ಲಿ ಒಬ್ಬರಾದ ಹಾಂಬೆರ್ಗ್ ಅಯ್ಯನವರು ಈ ಥೈಪಿಂಗ್ ನಾಯಕನ ಸಂಗತಿಯನ್ನು ಅವನ ಬಂಧುವಿನಿಂದ ಕೇಳಿ ಪುಸ್ತಕವಾಗಿ ಬರೆದರು.

ಈಗ ಶಾಂಘಾಯಿಗೆ ಬರೋಣ. ಟೇಲರ್ ಅಯ್ಯನವರು ಒಂದೂವರೆ ವರುಷದ ವರೆಗೆ ಇಂಗ್ಲಿಷ್ ಉಡುಪಿನಲ್ಲಿಯೇ ಸುತ್ತಲಿನ ಹಳ್ಳಿಗಳಿಗೆ ದೋಣಿಯಲ್ಲಿ ಹೋಗಿ ಸುವಾರ್ತೆಯನ್ನು ಸಾರಿದರು, ಪುಸ್ತಕಗಳನ್ನು ಹಂಚಿದರು. ಜನರು ಗುಂಪುಗುಂಪಾಗಿ ಕೂಡಿದರು, ಆದರೆ ಯಾತಕ್ಕೆ? ಒಂದು ಸಾರಿ ಒಬ್ಬ ಚೀನೀಯನು ರೆಪ್ಪೆ ಬಡಿಯದೆ ಬೋಧಕರನ್ನೇ ನೋಡುತ್ತಾ ಕೊನೆಯ ವರೆಗೂ ಕೇಳುತ್ತಿದ್ದನು. ಇವನಿಗೆ ವಾಕ್ಯವು ನಾಟಿತೆಂದು ಬೋಧಕರು ಸಂತೋಷಪಟ್ಟರು. ಪ್ರಸಂಗವು ಮುಗಿದ ಮೇಲೆ ಅವನು ಬಹು ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿದನು. ಅದೇನಂದರೆ, ಅಂಗಿಯ ಮುಂಭಾಗದಲ್ಲಿರುವ ಗುಂಡಿಗಳು ಚಳಿಗೆ ಹಾಕಿಕೊಳ್ಳುವದಕ್ಕೆ ಇರಬಹುದು. ಬೆನ್ನಿನ ಮೇಲೆ ಹೊಲಿದಿರುವ ಗುಂಡಿಗಳು ಯಾವ ಪ್ರಯೋಜನಕ್ಕೆ? ಪ್ರಸಂಗದ ಕಾಲವೆಲ್ಲಾ ಅವನು ಯೋಚಿಸುತ್ತಿದ್ದದ್ದು ಇದನ್ನೇ. ಕುಚೋದ್ಯಗಾರನಲ್ಲದ ಸಾಧು ಮನುಷ್ಯನು ಕೇಳಿದ ಈ ಪ್ರಶ್ನೆಯು ನೂರು ಬೈಗಳಿಗಿಂತಲೂ ಹೆಚ್ಚಾಗಿ ನಾಟತಕ್ಕದ್ದಾಗಿತ್ತು.

ಇಂಥ ಅನುಭವಗಳಿಂದಲೂ, ಹಿರಿಯರಾದ ಮೆಡ್‌ಹರ್ಸ್ಟ್ ಅಯ್ಯನವರ ಬುದ್ಧಿವಾದದಿಂದಲೂ, ಟೇಲರ್ ಅಯ್ಯನವರು ೧೮೫೫ನೇ ಆಗೋಸ್ತು ತಿಂಗಳಲ್ಲಿ ಚೀನೀ ಉಪಾಧ್ಯಾಯರ ಉಡುಪನ್ನು ತೊಡಬೇಕೆಂದು ನಿಶ್ಚಯಿಸಿದರು. ನಿಲುವಂಗಿಯನ್ನೂ ಬಟ್ಟೆಯ ಜೋಡನ್ನೂ ಹಾಕಿಕೊಳ್ಳುವದು ಸುಲಭ, ತಲೆಯದ್ದು ಸುಲಭವಲ್ಲ. ಅವರ ಕೂದಲು ಮರಳಿನ ಬಣ್ಣದ್ದು. ಅದನ್ನು ಕರಿಗೊಳಿಸುವ ಬಣ್ಣವನ್ನು ಕಲಸುವಾಗ ಅಮ್ಮೋನಿಯಾ ಎಂಬ ತೀಕ್ಷ್ಣವಾದ ಔಷಧವು ಸೀಸೆಯಿಂದ ಒಮ್ಮೆಲೇ ಉಕ್ಕಿ ಮುಖದ ಮೇಲೆ ಹಾರಿ ಸುಟ್ಟಿತು. ಹತ್ತಿರ ನೀರು ಇದ್ದದ್ದರಿಂದ ತಪ್ಪಿಸಿಕೊಂಡರು. ಆ ಮೇಲೆ ಕ್ಷೌರಿಕನು ಬಂದನು. ಶಾಂಘಾಯಿಯ ಬೇಸಿಗೆಯಲ್ಲಿ ಅವರ ಮೈಯೆಲ್ಲಾ ಬೆವರುಸಾಲೆ ಎದ್ದಿತ್ತು. ಆ ಚರ್ಮದ ಮೇಲೆ ಕತ್ತಿ ಎಳೆಯಿಸಿ, ಐದಾರು ತಾಸು ಬಣ್ಣವನ್ನು ಹಚ್ಚಿಕೊಂಡು ಕೂತು, ಕಡೆಗೆ ಉಳಿದ ಕೂದಲನ್ನು ಬಾಚಿಸಿ ಕಟ್ಟು ಜಡೆಯನ್ನು ಅದಕ್ಕೆ ಹೆಣೆಯಿಸುವಷ್ಟರಲ್ಲಿ ಅವರಿಗೆ ಸಾಕುಸಾಕಾಯಿತು. ತಂಗಿಗೆ ಬರೆದ ಕಾಗದದಲ್ಲಿ ಈ ಯಾತನೆಯನ್ನು ನಗೆಯಾಡುತ್ತಲೇ ವರ್ಣಿಸಿದ್ದಾರೆ.

ಮರುದಿನವೇ ಊಹೆಗಳು ತಲೆಕೆಳಗಾದವು. ನೋಡಿದವರು ಯಾರೂ ಅವರನ್ನು ಪರದೇಶದವರೆಂದು ಗುರುತಿಸಲಿಲ್ಲ. ಒಂದು ಊರಿನ ಬೀದಿಯಲ್ಲಿ ಹಿಂದೆ ಹುಡುಗರು ಕೂಗುತ್ತಾ ಬೆನ್ನಟ್ಟುತ್ತಿದ್ದ ಮನುಷ್ಯನು ಈಗ ಯಾರ ಗಮನಕ್ಕೂ ಬೀಳದೆ ಸುಮ್ಮಗೆ ದಾಟಿಹೋದನು. ಬಾಯಿ ತೆರೆದು ಸಾರಲಾರಂಭಿಸಿದ ಮೇಲೆ ಮಾತ್ರ ಪರದೇಶಿಯೆಂಬ ಸುದ್ದಿಯು ಹಬ್ಬುತ್ತಿತ್ತು. ಹೆಂಗಸರೂ ಮಕ್ಕಳೂ ಅಂಜದೆ ಔಷಧಕ್ಕೆ ಬರತೊಡಗಿದರು. ಆದರೆ ಒಂದು ನಷ್ಟವೂ ಆಯಿತು, ಅದನ್ನು ಅವರು ಮುಚ್ಚಿಡಲಿಲ್ಲ. ಇಂಗ್ಲಿಷ್ ಟೋಪಿಯನ್ನು ಕಂಡಾಗ ಜನರು ಮೊದಲ ನೋಟಕ್ಕೆ ತೋರಿಸುತ್ತಿದ್ದ ಮರ್ಯಾದೆಯು ಬೋಳುತಲೆಗೂ ಜಡೆಗೂ ದೊರೆಯಲಿಲ್ಲ. ಆ ಮರ್ಯಾದೆಯ ಮೂಲ ಯಾವದು? ೧೮೪೨ರಲ್ಲಿ ಬ್ರಿಟಿಷರ ಯುದ್ಧದ ಹಡಗುಗಳು ಚೀನಾ ಸರಕಾರದಿಂದ ಐದು ರೇವುಗಳನ್ನು ತೆರೆಯಿಸಿದ್ದವು. ಆ ತೋಪುಗಳ ಭಯವೇ ಟೋಪಿಗೆ ಸಲ್ಲುವ ಮರ್ಯಾದೆಯಾಗಿತ್ತೆಂದು ನಮಗೆ ತೋರುತ್ತದೆ. ಔಷಧ ಕೊಟ್ಟು ಉಪಕಾರ ಮಾಡಿದ ಮೇಲೆ ದೊರೆತ ಮರ್ಯಾದೆಯು ಬೇರೆ ತರದ್ದು.

ಚೀನರು ನಕ್ಕರೆ ಒಂದು ದಿನದ ನಗೆ. ಶಾಂಘಾಯಿಯ ಬಿಳಿಯರ ತಿರಸ್ಕಾರವು ಹಾಗಲ್ಲ. ಅದು ವರುಷಗಟ್ಟಲೆ ನಡೆಯಿತು. ವರ್ತಕರೂ ಅಧಿಕಾರಿಗಳೂ ಮಾತ್ರವಲ್ಲದೆ ಮಿಶನರಿಗಳಲ್ಲಿ ಹಲವರು ಸಹ ಅವರನ್ನು ಕಂಡು ಮುಖ ತಿರುಗಿಸಿದರು. ಕೆಲವರು ಇವನ ಬುದ್ಧಿಯು ಕೆಟ್ಟಿದೆಯೆಂದರು. ಕೆಲವರು ಇವನು ನಮ್ಮ ಜಾತಿಯ ಮಾನವನ್ನು ಕಳೆದನೆಂದರು. ಹೌದು, ಬಿಳಿಯರಿಗೂ ಜಾತಿ ಕೆಡುವ ಭಯವಿತ್ತೆಂಬದನ್ನು ವಾಚಕರು ಗಮನಿಸಬೇಕು. ಇನ್ನು ಕೆಲವರದು ಹೆಚ್ಚು ತೂಕದ ಆಕ್ಷೇಪ. ಇದು ವೇಷವಲ್ಲವೇ, ಸತ್ಯವನ್ನು ಸಾರುವವನು ವೇಷ ಹಾಕಬಹುದೇ ಎಂದು ಅವರು ಕೇಳಿದರು. ಆ ಕಾಲದ ಒಡಂಬಡಿಕೆಯ ಪ್ರಕಾರ ಪರದೇಶಿಯು ರೇವು ಪಟ್ಟಣಗಳ ಹೊರಗೆ ವಾಸಮಾಡಲು ಅಪ್ಪಣೆ ಇದ್ದಿಲ್ಲವಾದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಕಾರಣವೂ ಇತ್ತು. ಹೀಗಿರಲಾಗಿ ೧೮೫೫ರ ಕೊನೆಯಲ್ಲಿ ಅವರು ಚುಂಗ್‌ಮಿಂಗ್ ದ್ವೀಪದಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಆರು ವಾರ ಸಂತೋಷದಿಂದ ಕೆಲಸ ಮಾಡಿದ್ದಾಗ, ಅಲ್ಲಿನ ವೈದ್ಯರೂ ಔಷಧ ಮಾರುವವರೂ ದೂರುಕೊಟ್ಟದ್ದರಿಂದ, ಬ್ರಿಟಿಷ್ ಕಾನ್ಸಲನು ಅವರನ್ನು ಕರಿಸಿ, ಹಿಂದಿರುಗದಿದ್ದರೆ ದಂಡ ಹಾಕುವೆನೆಂದು ಎಚ್ಚರಿಸಿದನು. ಅವರು ಮನೆಯನ್ನು ಬಿಟ್ಟರು. ಉಡುಪನ್ನು ಬಿಡಲಿಲ್ಲ.

ವೇಷವೆಂಬ ಆಕ್ಷೇಪಕ್ಕೆ ಅವರ ನಡತೆಯೇ ಉತ್ತರವಾಗಿತ್ತು. ತಾನು ಇಂಗ್ಲಿಷಿನವನೆಂಬದನ್ನು ಕೇಳಿದವರಿಗೆ ಎಂದೂ ಅವರು ಬಚ್ಚಿಡಲಿಲ್ಲ. ಮೋಸಕ್ಕಾಗಿ ಹಾಕಿದ್ದು ವೇಷ. ಕೇಳುವವನ ಕಣ್ಣು ಗುಂಡಿಗಳಿಂದ ಬಿಡಿಸಿಕೊಂಡು ಮಾತಿನ ಕಡೆಗೆ ಬರಲೆಂದು ಹಾಕಿದ್ದು ಬೇರೆ.

ಆ ಡಿಸೆಂಬರಿನಲ್ಲಿ ಅವರಿಗೆ ವಿಲ್ಯಂ ಬರ್ನ್ಸ್ ಅಯ್ಯನವರ ಪರಿಚಯವಾಯಿತು. ಇವರು ಸ್ಕಾಟ್ಲೆಂಡಿನ ಪ್ರಖ್ಯಾತರಾದ ಪ್ರಸಂಗಿಗಳು, ವಯಸ್ಸಿನಲ್ಲಿ ಟೇಲರ್ ಅಯ್ಯನವರಿಗಿಂತ ಹದಿನೇಳು ವರುಷ ಹಿರಿಯರು. ಇಬ್ಬರೂ ದೋಣಿಗಳಲ್ಲಿ ಜತೆಯಾಗಿ ಒಳನಾಡಿಗೆ ಹೋದರು. ಹಿರಿಯರದು ಇಂಗ್ಲಿಷ್ ಉಡುಪು, ಕಿರಿಯರದು ಜಡೆ. ಊರೂರಲ್ಲಿ ಒಂದೇ ಸಂಗತಿ ನಡೆಯಿತು. ಬರ್ನ್ಸ್ ಅಯ್ಯನವರ ಸುತ್ತಲೂ ಗದ್ದಲದ ಹುಡುಗರು ಮುತ್ತಿಕೊಂಡು ಅಂಗಿಯನ್ನು ಎಳೆಯುವರು. ಗುಂಪಿನ ಅಂಚಿನಲ್ಲಿ ಟೇಲರ್ ಅಯ್ಯನವರ ಸುತ್ತಲೂ ಊರಿನ ಗೃಹಸ್ಥರು ನಿಂತು ಶಾಂತವಾಗಿ ಕೇಳುವರು, ಅಲ್ಲದೆ ಮನೆಯೊಳಗೂ ಕರೆಯುವರು. ಹಿರಿಯರು ಇದನ್ನು ನೋಡಿ ವಾದಿಸಲಿಲ್ಲ, ಹೊಟ್ಟೆಕಿಚ್ಚುಪಡಲೂ ಇಲ್ಲ. ಆ ವರುಷದ ಕೊನೆಯ ವಾರದಲ್ಲಿ ತಾವೂ ಚೀನೀ ಉಡುಪನ್ನು ಹಾಕಿಕೊಂಡರು. ದೊಡ್ಡ ಹೆಸರಿನವರು ಕಿರಿಯನಿಂದ ಕಲಿಯುವದು ಲೋಕದಲ್ಲಿ ಅಪರೂಪವಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆದೆವು.

ನಿಂಗ್‌ಪೊ ಪಟ್ಟಣದಲ್ಲಿ ಅದೇ ಜಡೆಯು ಅವರ ವಿವಾಹಕ್ಕೂ ಅಡ್ಡಬಂತು. ಅಲ್ಲಿ ಆಲ್ಡರ್ಸಿ ದೊರೆಸಾನಿಯವರು ಹುಡುಗಿಯರ ಶಾಲೆಯನ್ನು ನಡಿಸುತ್ತಿದ್ದರು. ಅದರಲ್ಲಿ ಮಿಶನರಿಯಾದ ಸಾಮುವೇಲ್ ಡೈಯರ್ ಅಯ್ಯನವರ ಅನಾಥಳಾದ ಮಗಳು ಮರಿಯಳು ಉಪಾಧ್ಯಾಯಿನಿಯಾಗಿದ್ದಳು. ಹುಟ್ಟಿದ್ದು ಮಲಕ್ಕಾದಲ್ಲಿ, ಚೀನೀ ಭಾಷೆಯು ಅವಳಿಗೆ ನೀರು ಕುಡಿದಷ್ಟು ಸುಲಭ. ದೊರೆಸಾನಿಯವರ ಎಣಿಕೆಯಲ್ಲಿ ಟೇಲರ್ ಅಯ್ಯನವರು ಪದವಿಯಿಲ್ಲದ, ಹಸ್ತಾರ್ಪಣೆ ಹೊಂದದ, ಯಾವ ದೊಡ್ಡ ಸಂಘದ ಆಶ್ರಯವೂ ಇಲ್ಲದ, ಚೀನನಂತೆ ಉಡುವ ಹುಚ್ಚ ಯೌವನಸ್ಥನು. ಆದದರಿಂದ ಮದುವೆಯ ಮಾತನ್ನು ನಿರಾಕರಿಸುವಂತೆ ಮರಿಯಳನ್ನು ಬಲವಂತಪಡಿಸಿದರು. ಆದರೆ ಮರಿಯಳು ಜಡೆಯನ್ನಲ್ಲ, ಮನುಷ್ಯನನ್ನೇ ನೋಡಿದ್ದಳು. ಇಂಗ್ಲೆಂಡಿನಲ್ಲಿದ್ದ ಆಕೆಯ ಪೋಷಕನಾದ ಚಿಕ್ಕಪ್ಪನಿಗೆ ಕಾಗದ ಬರೆಯಲಾಗಿ, ಅವನು ವಿಚಾರಿಸಿ ಒಳ್ಳೇ ಸಾಕ್ಷಿಯನ್ನು ಹೊಂದಿ ಸಮ್ಮತಿಯನ್ನು ಕಳುಹಿಸಿದನು. ೧೮೫೮ನೇ ಜನವರಿ ೨೦ರಲ್ಲಿ ಮದುವೆಯಾಯಿತು.

೧೮೬೦ರಲ್ಲಿ ದೇಹಸ್ಥಿತಿ ಕೆಟ್ಟು ಅವರು ಇಂಗ್ಲೆಂಡಿಗೆ ಮರಳಿದರು. ಅಲ್ಲಿ ಐದು ವರುಷ ಭಾಷಾಂತರದಲ್ಲಿಯೂ ವೈದ್ಯ ಪರೀಕ್ಷೆಯಲ್ಲಿಯೂ ಕಳೆದು, ೧೮೬೫ನೇ ಜೂನ್ ೨೫ರಲ್ಲಿ, ಬ್ರೈಟನ್ ಊರಿನ ಸಮುದ್ರದ ದಡದಲ್ಲಿ ಪ್ರಾರ್ಥಿಸಿ, ಚೀನಾ ಒಳನಾಡಿನ ಮಿಶನನ್ನು ಸ್ಥಾಪಿಸುವ ನಿರ್ಣಯಕ್ಕೆ ಬಂದರು. ಬೋಧಕರಿಲ್ಲದ ಹನ್ನೊಂದು ಪ್ರಾಂತಗಳಿಗೂ ಮಂಗೋಲಿಯಕ್ಕೂ ಇಬ್ಬಿಬ್ಬರಂತೆ ಇಪ್ಪತ್ತನಾಲ್ಕು ಮಂದಿಯನ್ನು ದೇವರಿಂದ ಬೇಡಿಕೊಂಡರು. ೧೮೬೬ನೇ ಮೇ ೨೬ರಲ್ಲಿ ಲ್ಯಾಮರ್‌ಮೂರ್ ಎಂಬ ಹಡಗಿನಲ್ಲಿ ಟೇಲರ್ ದಂಪತಿಗಳೂ ಅವರ ನಾಲ್ಕು ಮಕ್ಕಳೂ ಹದಿನಾರು ಮಂದಿ ಹೊಸಬರೂ ಹೊರಟರು. ಎರಡು ಭಯಂಕರವಾದ ಬಿರುಗಾಳಿಗಳಲ್ಲಿ ಮುರಿದು ಚೂರಾದ ಹಡಗು ಸೆಪ್ಟೆಂಬರ್ ಅಂತ್ಯದಲ್ಲಿ ಶಾಂಘಾಯಿಯನ್ನು ಮುಟ್ಟಿತು.

ಅಮೇರಿಕದ ಮಿಶನ್ ಮುದ್ರಾಲಯದ ಗ್ಯಾಂಬಲ್ ಎಂಬವರು ತಮ್ಮ ಉಗ್ರಾಣವನ್ನು ಅವರಿಗೆ ತೆರವು ಮಾಡಿಕೊಟ್ಟರು. ಅಲ್ಲಿ ಗಂಡಸರು ಒಬ್ಬೊಬ್ಬರಾಗಿ ಕ್ಷೌರಿಕನ ಮುಂದೆ ಕೂತು ಎದ್ದರು. ಈಗ ಬೋಳುತಲೆಯು ಒಬ್ಬನ ಹುಚ್ಚಲ್ಲ, ಒಂದು ಸಂಘದ ನಿಯಮ. ಊರಿನ ಬಿಳಿಯರು ಜಡೆಯ ಮಿಶನೆಂಬ ಅಡ್ಡಹೆಸರನ್ನಿಟ್ಟರು. ಹೆಂಗಸರೂ ಚೀನೀ ಉಡುಪನ್ನು ತೊಟ್ಟದ್ದು ಎಲ್ಲಾದಕ್ಕಿಂತ ಹೆಚ್ಚು ದೂಷಣೆಗೆ ಕಾರಣವಾಯಿತು. ಟೇಲರ್ ಅಯ್ಯನವರು ಮಿಶನಿಗೆ ಸೇರಬಯಸುವವರಿಗೆ ಈ ನಿಯಮವನ್ನು ಮೊದಲೇ ತಿಳಿಸಿಯೇ ಸೇರಿಸುತ್ತಿದ್ದರು. ಅಪೊಸ್ತಲನಾದ ಪೌಲನು ಯೆಹೂದ್ಯರಿಗೆ ಯೆಹೂದ್ಯನಂತಾದದ್ದು ಅವರ ಮುಖ್ಯ ಆಧಾರ. ವಾಚಕರು ಕೃತ್ಯಗಳ ಪುಸ್ತಕದ ೨೧ನೇ ಅಧ್ಯಾಯವನ್ನೂ ತೆರೆದು ನೋಡಿದರೆ ಒಳ್ಳೇದು. ಯೆರೂಸಲೇಮಿನಲ್ಲಿ ಪೌಲನ ಮೇಲೆ ಸುಳ್ಳು ಅನುಮಾನಗಳು ಹಬ್ಬಿದ್ದಾಗ, ಹರಕೆ ಹೊತ್ತ ನಾಲ್ವರ ಕ್ಷೌರದ ವೆಚ್ಚವನ್ನು ತಾನೇ ಕೊಡುವದಕ್ಕೆ ಅವನು ಒಪ್ಪಿದನು. ಅನುಮಾನಗಳು ಅದರಿಂದ ತೀರಿದವೋ? ಇಲ್ಲ, ವಾರ ತುಂಬುವಷ್ಟರಲ್ಲಿ ದೇವಾಲಯದಲ್ಲಿ ಅವನನ್ನು ಹಿಡಿದು ಹೊಡೆದರು.

ಮರಿಯಮ್ಮನವರು ಈ ಉಡುಪಿನ ಭಾರವನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದರು. ಇಂಗ್ಲಿಷ್ ಉಡುಪಿನ ಹೆಂಗಸು ಗಂಡನ ತೋಳು ಹಿಡಿದು ಬೀದಿಯಲ್ಲಿ ನಡೆದರೆ ಚೀನರು ಅದು ಪರದೇಶದ ಪದ್ಧತಿಯೆಂದು ಬಿಟ್ಟುಬಿಡುವರು. ಚೀನೀ ಉಡುಪಿನವಳು ಅದನ್ನು ಮಾಡಿದರೆ ಕುಲಗೆಟ್ಟವಳೆಂದೇ ತಿಳಿಯುವರು. ಆದಕಾರಣ ಬಟ್ಟೆಯನ್ನು ಬದಲಾಯಿಸಿದವರು ನಡೆಯನ್ನೂ ಬದಲಾಯಿಸಬೇಕು, ಇಲ್ಲವಾದರೆ ಮೊದಲಿಗಿಂತಲೂ ಕೆಡುಕೆಂದು ಆಕೆಯು ಇಂಗ್ಲೆಂಡಿನ ಗೆಳತಿಗೆ ಬರೆದರು. ನಮ್ಮ ಎಣಿಕೆಯಲ್ಲಿ ಆ ಮಿಶನಿನವರು ಬರೆದದ್ದರಲ್ಲೆಲ್ಲಾ ಇದಕ್ಕಿಂತ ಬುದ್ಧಿಯುಳ್ಳ ಮಾತು ಕೊಂಚವೇ.

ಕಷ್ಟವು ಹೊರಗಿನಿಂದ ಬಂದಷ್ಟೇ ಒಳಗಿನಿಂದಲೂ ಬಂತು. ಹಡಗಿನಲ್ಲಿ ಬಂದವರಲ್ಲಿ ಲೂಯಿಸ್ ನಿಕಲ್ ಎಂಬ ಸ್ಕಾಟ್ಲೆಂಡಿನ ಕಮ್ಮಾರನಿದ್ದನು. ಇತರ ಮಿಶನುಗಳವರ ನಗೆಯನ್ನು ತಾಳಲಾರದೆಯೂ, ಇಂಗ್ಲಿಷ್ ಉಡುಪಿದ್ದರೆ ಮರ್ಯಾದೆಯೂ ಕಾಪೂ ದೊರೆಯುವದೆಂದು ನಂಬಿಯೂ, ಅವನು ಸಿಯಾವೊಶಾನ್ ಪಟ್ಟಣದಲ್ಲಿ ಹಳೇ ಉಡುಪನ್ನು ತಿರಿಗಿ ಹಾಕಿಕೊಂಡನು. ಊರಿನ ನಡುವೆ ಪರದೇಶದವನೊಬ್ಬನು ಮನೆಮಾಡಿದ್ದಾನೆಂಬ ಸುದ್ದಿಯು ಎಲ್ಲರಿಗೂ ಹಬ್ಬಿತು. ೧೮೬೭ನೇ ಜನವರಿಯ ಒಂದು ರಾತ್ರಿ ಊರಿನ ಅಧಿಕಾರಿಯು ಕುಡಿದು ಜವಾನರ ಸಂಗಡ ಆ ಮನೆಗೆ ನುಗ್ಗಿದನು. ಇಂಗ್ಲಿಷಿನವನ ಮೈಮೇಲೆ ಕೈಹಾಕುವ ಧೈರ್ಯ ಅವನಿಗೂ ಇದ್ದಿಲ್ಲ. ಆದರೆ ನಿಕಲನ ಜತೆಯಲ್ಲಿದ್ದ ಚೀನೀ ಉಪದೇಶಿಯನ್ನು ನೆಲಕ್ಕೆ ಕೆಡವಿಸಿ, ತೊಡೆಗಳ ಮೇಲೆಯೂ ಕೆನ್ನೆಗಳ ಮೇಲೆಯೂ ಲೆಕ್ಕವಿಲ್ಲದೆ ಹೊಡಿಸಿದನು. ಪಾಪ, ಆ ಉಪದೇಶಿಯು ಹಾಂಗ್‌ಚೌವಿಗೆ ಬಂದಾಗ ನಡೆಯುವದೂ ಅವನಿಗೆ ಕಷ್ಟವಾಗಿತ್ತು. ನಿಕಲನು ನಿರೀಕ್ಷಿಸಿದ ಕಾಪು ಅವನಿಗೆ ಸಿಕ್ಕಿತು, ನಿಜವೇ. ಅದರ ಬೆಲೆಯನ್ನು ತೆತ್ತವನು ಮತ್ತೊಬ್ಬನು. ಟೇಲರ್ ಅಯ್ಯನವರು ಎರಡು ವರುಷಗಳ ಹತ್ತಿರ ನಿಕಲನ ಸಂಗಡ ತಾಳ್ಮೆಯಿಂದ ನಡೆದುಕೊಂಡು, ಕಡೆಗೆ ೧೮೬೮ರಲ್ಲಿ ಅವನನ್ನು ಮಿಶನಿನಿಂದ ತೆಗೆದರು. ಕಾರಣವು ಉಡುಪೊಂದೇ ಅಲ್ಲ. ಜತೆಗಾರರ ಮೇಲೆ ಅವನು ಹಬ್ಬಿಸಿದ ಸುಳ್ಳುಗಳೂ ಸೇರಿದ್ದವು. ಅವನ ಪಕ್ಷ ಹಿಡಿದ ಕೆಲವರೂ ಬಿಟ್ಟುಹೋದರು.

ಚೀನೀ ಉಡುಪು ಎಲ್ಲಾ ಸಂಶಯಗಳನ್ನೂ ನೀಗಿಸಿತೆಂದು ನಾವು ಹೇಳಿದರೆ ಅದು ಸುಳ್ಳಾಗುವದು. ೧೮೬೮ನೇ ಬೇಸಿಗೆಯಲ್ಲಿ ಟೇಲರ್ ಕುಟುಂಬದವರು ಯಾಂಗ್‌ಚೌ ಪಟ್ಟಣದಲ್ಲಿ ಮನೆಮಾಡಿದರು. ಪರದೇಶದವರು ಕೂಸುಗಳನ್ನು ಕದ್ದು ತಿನ್ನುತ್ತಾರೆಂದು ಗೋಡೆಗಳ ಮೇಲೆ ಕಾಗದಗಳನ್ನು ಅಂಟಿಸಿದರು. ಆಗೋಸ್ತು ೨೨ರ ರಾತ್ರಿ ಸಾವಿರಾರು ಜನರು ಮನೆಯನ್ನು ಮುತ್ತಿ ಬೆಂಕಿ ಹಚ್ಚಿದರು. ಟೇಲರ್ ಅಯ್ಯನವರೂ ಮತ್ತೊಬ್ಬರೂ ಕಲ್ಲೇಟು ತಿನ್ನುತ್ತಾ ಅಧಿಕಾರಿಯ ಕಚೇರಿಗೆ ಓಡಿದರೆ, ಅವನು ಬಹಳ ಹೊತ್ತು ಕಾಯಿಸಿ, ಕೂಸುಗಳನ್ನು ಏನು ಮಾಡಿದಿರಿ ಎಂದೇ ಮೊದಲು ಕೇಳಿದನು. ಇತ್ತ ಗರ್ಭಿಣಿಯಾದ ಮರಿಯಮ್ಮನವರು ಮಹಡಿಯಿಂದ ಕೆಳಗೆ ಹಾರಿ ಪ್ರಾಣ ಉಳಿಸಿಕೊಂಡರು. ಬೋಳುತಲೆಯಾಗಲಿ ಜಡೆಯಾಗಲಿ ಆ ರಾತ್ರಿ ಯಾರನ್ನೂ ಕಾಯಲಿಲ್ಲ. ಬ್ರಿಟಿಷ್ ಸರಕಾರದವರು ಟೇಲರ್ ಅಯ್ಯನವರು ಕೇಳದೆಯೇ ಯುದ್ಧದ ಹಡಗುಗಳನ್ನು ಕಳುಹಿಸಿದರು. ಅದಕ್ಕಾಗಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ದೂಷಣೆಗೆ ಗುರಿಯಾದವರು ಮಿಶನರಿಗಳೇ. ಚೀನರ ಕಣ್ಣಿಗೆ ಅವರು ಕೂಸುಕಳ್ಳರು, ಸ್ವದೇಶಸ್ಥರ ಕಣ್ಣಿಗೆ ಕಲಹಗಾರರು. ಗಲಭೆ ಶಾಂತವಾದ ಮೇಲೆ ಅವರು ಅದೇ ಮನೆಗೆ, ಅದೇ ಉಡುಪಿನಲ್ಲಿ ಮರಳಿಹೋದರು. ಅಲ್ಲಿಯೇ ಮರಿಯಮ್ಮನವರು ಮಗನನ್ನು ಹೆತ್ತರು. ೧೮೭೦ನೇ ಜುಲೈ ೨೩ರಲ್ಲಿ ಆಕೆಯು ಚಿನ್‌ಕಿಯಾಂಗ್ ಪಟ್ಟಣದಲ್ಲಿ ಮೂವತ್ತಮೂರನೇ ಪ್ರಾಯದಲ್ಲಿ ನಿದ್ರೆಹೋದರು.

ಮುಂದಿನ ವರುಷಗಳನ್ನು ಸಂಕ್ಷೇಪವಾಗಿ ಹೇಳುವೆವು. ಹೋಗಬಾರದೆಂದ ಪ್ರಾಂತಗಳೊಳಗೆ ಮಿಶನಿನವರು ಒಂದೊಂದಾಗಿ ಹೊಕ್ಕರು. ೧೮೮೫ರಲ್ಲಿ ಕೇಂಬ್ರಿಜಿನ ಏಳ್ವರೆಂದು ಹೆಸರಾದ ಯೌವನಸ್ಥರು ಸೇರಿದರು. ಅವರಲ್ಲಿ ಸ್ಟಡ್ ಎಂಬವನು ೧೮೮೨ರಲ್ಲಿ ಇಂಗ್ಲೆಂಡಿನ ಪಕ್ಷದಲ್ಲಿ ಆಸ್ಟ್ರೇಲಿಯದವರ ಮೇಲೆ ಕ್ರಿಕೆಟ್ ಆಡಿದವನು, ಐಶ್ವರ್ಯವಂತರ ಮನೆಯವನು. ಆ ಏಳು ಮಂದಿಯೂ ಮುಂದಲೆ ಬೋಳಿಸಿಕೊಂಡು ಜಡೆ ಕಟ್ಟಿಕೊಂಡರು. ಮೂವತ್ತು ವರುಷಗಳ ಹಿಂದೆ ಔಷಧದ ಅಂಗಡಿಯವನ ಮಗನು ಮಾಡಿದಾಗ ಹುಚ್ಚೆಂದು ಎಣಿಸಲ್ಪಟ್ಟದ್ದು, ದೊಡ್ಡ ಮನೆತನದವರು ಮಾಡಿದಾಗ ತ್ಯಾಗವೆಂದು ಹೊಗಳಲ್ಪಟ್ಟಿತು. ಲೋಕದ ರೀತಿಯೇ ಹಾಗೆ. ೧೯೦೦ರಲ್ಲಿ ನಡೆದ ಬಾಕ್ಸರ್ ದಂಗೆಯಲ್ಲಿ ಈ ಮಿಶನಿನ ಐವತ್ತೆಂಟು ಮಂದಿ ದೊಡ್ಡವರೂ ಇಪ್ಪತ್ತೊಂದು ಮಕ್ಕಳೂ ಹತರಾದರು. ಆಗ ಸ್ವಿಟ್ಜರ್ಲೆಂಡಿನಲ್ಲಿ ರೋಗದಲ್ಲಿದ್ದ ಟೇಲರ್ ಅಯ್ಯನವರು, ಚೀನಾ ಸರಕಾರದವರು ಕೊಡಬೇಕಾದ ನಷ್ಟದ ಹಣವನ್ನು ತಮ್ಮ ಮಿಶನಿಗೆ ತೆಗೆದುಕೊಳ್ಳಬಾರದೆಂದು ತೀರ್ಮಾನಿಸಿದರು.

೧೯೦೫ರಲ್ಲಿ ಎಪ್ಪತ್ತೆರಡು ವರುಷದ ಮುದುಕರಾಗಿ ಅವರು ಕಡೆಯ ಸಾರಿ ಚೀನಾ ದೇಶಕ್ಕೆ ಬಂದರು. ಎಲ್ಲಾ ಪ್ರಾಂತಗಳಿಗಿಂತ ಹೆಚ್ಚು ಕಾಲ ಬಾಗಿಲು ಮುಚ್ಚಿಕೊಂಡಿದ್ದ ಹೂನಾನ್ ಪ್ರಾಂತದ ಚಾಂಗ್‌ಶಾ ಪಟ್ಟಣವನ್ನು ನೋಡಿ, ಅಲ್ಲಿಯೇ ಜೂನ್ ೩ರ ಸಾಯಂಕಾಲ ತೀರಿಹೋದರು. ಶವಪೆಟ್ಟಿಗೆಯನ್ನು ತಾವೇ ಕೊಂಡುಕೊಡುವೆವೆಂದು ಆ ಊರಿನ ಚೀನೀ ಕ್ರೈಸ್ತರು ಹಟ ಹಿಡಿದರು. ದೊರೆಯಬಹುದಾದವುಗಳಲ್ಲಿ ಉತ್ತಮವಾದದ್ದನ್ನೇ ತಂದರು. ಚಿನ್‌ಕಿಯಾಂಗ್ ಪಟ್ಟಣದಲ್ಲಿ ಮರಿಯಮ್ಮನವರ ಪಕ್ಕದಲ್ಲಿ ಅವರನ್ನು ಹೂಳಿದರು.

ಆರು ವರುಷಗಳಾದ ಮೇಲೆ, ೧೯೧೧ರಲ್ಲಿ ಆರಂಭವಾದ ಕ್ರಾಂತಿಯಿಂದ ಮಂಚುಗಳ ದೊರೆತನವು ಬಿದ್ದಿತು. ಹೊಸ ಸರಕಾರದವರು ಜಡೆಗಳನ್ನು ಕತ್ತರಿಸಬೇಕೆಂದು ಆಜ್ಞೆಮಾಡಿದರು. ಸಿಪಾಯಿಗಳು ಪಟ್ಟಣದ ಬಾಗಿಲುಗಳಲ್ಲಿ ಕತ್ತರಿ ಹಿಡಿದು ನಿಂತು, ಸಂತೆಗೆ ಬಂದ ಹಳ್ಳಿಯವರ ಜಡೆಗಳನ್ನು ಬಲವಂತದಿಂದ ಕತ್ತರಿಸಿದ್ದುಂಟು. ಮುದುಕರು ಕೆಲವರು ಬಿದ್ದ ಜಡೆಯನ್ನು ಎತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಅಳುತ್ತಾ ಮನೆಗೆ ಹೋದರು.